ಸ್ಕಾ ಇಲ್ಲಿ ಬರೀ ಒಗ್ಗರಣೆಯಲ್ಲ

ಬ್ರಿಟನ್ನಿನ ರ‍್ಯಾಪ್ ಗಾಯಕ ರೆಬೆಲ್ ಎಂಸಿಯ ಮೊದಲ ಆಲ್ಬಂ 'ರೆಬೆಲ್ ಮ್ಯೂಸಿಕ್' (1990) ಬಗ್ಗೆ ಲೇಖನ ಬರೆದಿದ್ದಕ್ಕೆ ಧನ್ಯವಾದ ಸರ್. ಆದರೆ ಅದು ಆ ಕಾಲದ ಹಿಪ್-ಹೌಸ್ (ಹೌಸ್ ಎಂಬ ಕುಣಿತದ ಸಂಗೀತದ ಮೇಲೆ ರ‍್ಯಾಪ್) ಗೀಳು, ಬಂತು ಹೋಯಿತು ಅಂದಿದ್ದೀರಲ್ಲ, ಆ ಮಾತು ಒಪ್ಪಲಾರೆ.

ಅದರಲ್ಲಿರುವ 'ಸ್ಟ್ರೀಟ್ ಟಫ್' ಹಾಡನ್ನು ಇನ್ನೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. 1989ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿದ ಹಾಡು. ತಳದಲ್ಲಿ ಷಿಕಾಗೋದ ಹೌಸ್ ಡ್ರಮ್, ಎಣಿಕೆಗೊಂದು ಪೆಟ್ಟು. ಸ್ಕಾ, ಅಂದರೆ ರೆಗೆಗೂ ಮೊದಲಿನ ಜಮೈಕಾದ ಕುಣಿತದ ಸಂಗೀತ, ಇರುವುದು ಆ ಪೆಟ್ಟುಗಳ ನಡುವಿನ ಸಂದಿಯಲ್ಲಿ. ಅದಕ್ಕೇ ಎರಡೂ ಒಂದನ್ನೊಂದು ತುಳಿಯದೆ ಕೂಡಿಕೊಳ್ಳುತ್ತವೆ. ಮೇಲೆ ರೆಬೆಲ್ ಎಂಸಿಯ ರ‍್ಯಾಪ್, ಅದೂ ಅಮೆರಿಕದ ನಕಲಲ್ಲ. ಜಮೈಕಾದಲ್ಲಿ ಬೀದಿ ಕುಣಿತಕ್ಕೆ ಧ್ವನಿವರ್ಧಕ ಕಟ್ಟಿ ಹಾಡು ಹಾಕುತ್ತಿದ್ದ ಸೌಂಡ್ ಸಿಸ್ಟಮ್‌ಗಳ ಮೈಕಿನ ವರಸೆ. ಲಂಡನ್ನಿನ ಟಾಟೆನ್‌ಹ್ಯಾಮ್ ಹುಡುಗನಿಗೆ ಸ್ಕಾ ಎರವಲು ಸರಕಾಗಿರಲಿಲ್ಲ, ಕೆರಿಬಿಯನ್ ವಲಸಿಗರು ದಶಕಗಳ ಹಿಂದೆಯೇ ಅದನ್ನು ಆ ಬೀದಿಗಳಿಗೆ ತಂದಿದ್ದರು.

ಆ ಹಾಡಿನಲ್ಲಿ ಜೊತೆಗಿದ್ದ 'ಡಬಲ್ ಟ್ರಬಲ್' ತಂಡದ ಹೆಸರು ಲೇಖನದಲ್ಲಿ ಎಲ್ಲೂ ಇಲ್ಲ. ಅದು ನೋವಾಯಿತು. ಆ ತಂಡದ ಮೈಕೆಲ್ ಮೆನ್ಸನ್ 1997ರಲ್ಲಿ ಉತ್ತರ ಲಂಡನ್ನಿನಲ್ಲಿ ಜನಾಂಗೀಯ ದಾಳಿಗೆ ಸಿಕ್ಕಿ, ಸುಟ್ಟಗಾಯಗಳಿಂದ ತೀರಿಕೊಂಡರು. ಅವರೇ ಬೆಂಕಿ ಹಚ್ಚಿಕೊಂಡರೆಂದು ಪೊಲೀಸರು ಮೊದಲು ತಿಳಿದಿದ್ದರು. ಮನೆಯವರು ಬಿಡದೆ ಹೋರಾಡಿದ ಮೇಲೆ 1999ರಲ್ಲಿ ಕೊಲೆಗಾರರಿಗೆ ಶಿಕ್ಷೆಯಾಯಿತು. ಈ ಸಂಗೀತದ ಬಗ್ಗೆ ಬರೆಯುವಾಗ ಅವರನ್ನು ಮರೆಯಬಾರದು.

ಇನ್ನು ಬಂತು ಹೋಯಿತು ಅನ್ನುವ ಮಾತು. ರೆಬೆಲ್ ಎಂಸಿಯ 1991ರ ಆಲ್ಬಂ 'ಬ್ಲ್ಯಾಕ್ ಮೀನಿಂಗ್ ಗುಡ್' ಕೇಳಿದ್ದೀರಾ? ರೆಗೆ ಗಾಯಕ ಬ್ಯಾರಿಂಗ್ಟನ್ ಲೆವಿ ಅದರಲ್ಲಿ ಹಾಡಿದ್ದಾರೆ. ಮುಂದೆ ಇದೇ ರೆಬೆಲ್ ಎಂಸಿ 'ಕಾಂಗೋ ನ್ಯಾಟಿ' ಆಗಿ ವೇಗದ ಡ್ರಮ್, ಭಾರಿ ಬಾಸ್‌ನ ಜಂಗಲ್ ಎಂಬ ಸಂಗೀತ ಕಟ್ಟಿದವರಲ್ಲಿ ಒಬ್ಬನಾದ.