ಒಳಗೆ ಜಾಗವಿಲ್ಲವಂತೆ!

ಇಂದು ಬೆಳಿಗ್ಗೆ ಅಮ್ಮನ ರಕ್ತದೊತ್ತಡದ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಸರದಿಗಾಗಿ ಕಾಯುತ್ತ ಕುಳಿತಿದ್ದಾಗ, ಪಕ್ಕದ ಬೆಂಚಿನಲ್ಲಿದ್ದ ತುಂಬು ಬಸುರಿಯೊಬ್ಬಳು ಜೊತೆಗೆ ಬಂದಿದ್ದ ಹಿರಿಯರಿಗೆ ಮೆಲುದನಿಯಲ್ಲಿ, "ನಿನ್ನೆ ಸಂಜೆಯಿಂದ ಮಗು ಎಂದಿನ ಹಾಗೆ ಮಿಸುಕುತ್ತಿಲ್ಲ ಅತ್ತೆ" ಎಂದಳು. ಉತ್ತರ ಸಿದ್ಧವಾಗಿಯೇ ಇತ್ತು: "ತಿಂಗಳು ತುಂಬಿದ ಮೇಲೆ ಒದೆಯುವುದಕ್ಕೆ ಒಳಗೆ ಜಾಗವೆಲ್ಲಿರುತ್ತದೆ? ಸುಮ್ಮನೆ ಹೆದರಬೇಡ. ನಮ್ಮ ನಂಬರು ಬಂದಾಗ ಡಾಕ್ಟರಿಗೆ ಹೇಳಿದರಾಯಿತು." ಅವರ ಕೈಯಲ್ಲಿದ್ದ ಚೀಟಿಯ ಸಂಖ್ಯೆ 37; ಒಳಗೆ ಕರೆಯುತ್ತಿದ್ದುದು 11.

ನನ್ನ ಸ್ವಭಾವ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಎದ್ದುಹೋಗಿ ನರ್ಸ್‌ಗೆ ಹೇಳಿದೆ. ಆಕೆ ಮರುಮಾತಿಲ್ಲದೆ ಆ ಹುಡುಗಿಯನ್ನು ಒಳಗೆ ಕರೆದೊಯ್ದರು. ಅಮ್ಮ ಮಾತ್ರ 'ಊರ ಉಸಾಬರಿ ನಿನಗೇಕೆ' ಎಂಬಂತೆ ನೋಡಿದರು. ಒಂದು ಗಂಟೆಯ ಬಳಿಕ ಹುಡುಗಿ ಹೊರಬಂದಳು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತದ ಗ್ರಾಫ್ ತೆಗೆದಿದ್ದರಂತೆ, ಸ್ಕ್ಯಾನ್ ಕೂಡ ಮಾಡಿದ್ದರಂತೆ, ಎಲ್ಲವೂ ಸರಿಯಾಗಿದೆಯಂತೆ. ನನ್ನ ಜೀವವೂ ಹಗುರವಾಯಿತು. ಅಷ್ಟರಲ್ಲಿ ಅತ್ತೆಯವರು ನನ್ನತ್ತ ತಿರುಗಿ, "ನಾನು ಹೇಳಲಿಲ್ಲವೇ?" ಎಂದು ಗೆದ್ದವರಂತೆ ನಕ್ಕರು. ಇಷ್ಟುದ್ದದ ಬರಹಕ್ಕೆ ಕಾರಣ ಆ ನಗೆ.

'ಜಾಗವಿಲ್ಲ' ಎಂಬ ಈ ಮಾತು ಕೇಳುವುದಕ್ಕೆ ಬಹಳ ಸಹಜವಾಗಿದೆ, ಅದರ ಅಪಾಯವೂ ಅಲ್ಲಿಯೇ ಇದೆ. ಮಗು ಬೆಳೆದಿದೆ, ಚೀಲ ಅಷ್ಟೇ ಇದೆ, ಆದ್ದರಿಂದ ಅಲುಗಾಟ ಕಡಿಮೆ ಎಂದರೆ ಯಾರು ಒಪ್ಪುವುದಿಲ್ಲ? ಆದರೆ ಮಗುವಿನ ಚಲನೆ ಸುಮಾರು 32ನೆಯ ವಾರದವರೆಗೆ ಹೆಚ್ಚುತ್ತ ಹೋಗಿ, ಅಲ್ಲಿಂದ ಹೆರಿಗೆಯವರೆಗೆ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ಬದಲಾಗುವುದು ಅದರ ರೀತಿ: ಮೊದಲಿನ ಚುರುಕಾದ ಒದೆತಗಳ ಬದಲು ನಿಧಾನವಾಗಿ ಹೊರಳುವುದು, ಪಕ್ಕೆಗೆ ಒತ್ತುವುದು, ಮೊಣಕೈಯೋ ಮೊಣಕಾಲೋ ಹೊಟ್ಟೆಯ ಮೇಲೆ ಉಬ್ಬಿ ಸರಿದುಹೋಗುವುದು. ರೀತಿ ಬದಲಾಗುವುದು ಬೇರೆ, ಚಲನೆಯೇ ಕಡಿಮೆಯಾಗುವುದು ಬೇರೆ. ಹೆರಿಗೆನೋವು ಆರಂಭವಾದ ಮೇಲೂ ಮಗು ಮಿಸುಕುತ್ತಲೇ ಇರುತ್ತದೆ.

ಆರಂಭದ ದಿನಗಳ ಗೊಂದಲ ಬೇರೆಯ ಸಂಗತಿ, ಅದನ್ನು ನಾನು ಒಪ್ಪುತ್ತೇನೆ. ಏಳೆಂಟು ವಾರಗಳಲ್ಲಿಯೇ ಭ್ರೂಣ ಅಲುಗತೊಡಗಿದರೂ ತಾಯಿಗೆ ಅದು ತಿಳಿಯುವುದು ಸಾಮಾನ್ಯವಾಗಿ 16ರಿಂದ 20ನೆಯ ವಾರದೊಳಗೆ. ಚೊಚ್ಚಲ ಬಸಿರಿನಲ್ಲಿ ಇನ್ನೂ ಸ್ವಲ್ಪ ತಡವಾಗಬಹುದು, ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಅದು ದಿಂಬಿನಂತೆ ಅಡ್ಡವಿದ್ದು ಮತ್ತಷ್ಟು ತಡವಾಗಬಹುದು. ನಾನಂತೂ ಮೊದಲ ಬಾರಿ ಒಂದು ವಾರ ಕಾಲ ಅದನ್ನು ವಾಯು ಎಂದುಕೊಂಡು ಓಮದ ನೀರು ಕುಡಿದವಳು. 24 ವಾರ ಕಳೆದರೂ ಏನೂ ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು, ಅಷ್ಟೆ. ನನ್ನ ಜಗಳ ಇರುವುದು ಕೊನೆಯ ತಿಂಗಳುಗಳ ಬಗ್ಗೆ.

ಏಕೆಂದರೆ ಆ ವೇಳೆಗೆ ಪ್ರತಿ ಮಗುವಿಗೂ ತನ್ನದೇ ಆದ ದಿನಚರಿ ಬಂದಿರುತ್ತದೆ. ಒಳಗೆ ಅದು ಒಂದು ಸಲಕ್ಕೆ 20ರಿಂದ 40 ನಿಮಿಷ ನಿದ್ರಿಸುತ್ತದೆ. ಆರೋಗ್ಯವಂತ ಮಗು ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಹಾಗಿರುವುದು ಅಪರೂಪ. ಸಂಜೆ, ರಾತ್ರಿಗಳಲ್ಲಿ ಅದರ ಆಟ ಹೆಚ್ಚು. ಈ ದಿನಚರಿಯನ್ನು ಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಅದನ್ನು ಹೊತ್ತವಳು. ಮಾಸಿನಿಂದ ಆಮ್ಲಜನಕ ಸಾಲದಾದಾಗ ಮಗು ಸಿಕ್ಕಿದ್ದನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಂಡು ಕೈಕಾಲಿನ ಚಲನೆಯನ್ನು ಕಡಿಮೆ ಮಾಡುತ್ತದೆ. ಅಂದರೆ 'ಜಾಗವಿಲ್ಲ' ಎಂದು ನಾವು ತಳ್ಳಿಹಾಕುವ ಆ ಮೌನವೇ ಕೆಲವೊಮ್ಮೆ ಒಳಗಿನಿಂದ ಬಂದ ಏಕೈಕ ದೂರು.

ಈ ಸಮಾಧಾನದ ಜೊತೆಗೆ ಇನ್ನಷ್ಟು ಉಪಚಾರಗಳೂ ಬರುತ್ತವೆ. ತಣ್ಣೀರು ಕುಡಿ, ಸಿಹಿ ತಿನ್ನು, ಒಂದು ನಿದ್ದೆ ಮಾಡಿ ನೋಡು! ಸಿಹಿ ತಿನ್ನಿಸಿ ಮಗುವನ್ನು ಎಬ್ಬಿಸಬಹುದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅದರಿಂದ ಖಚಿತವಾಗಿ ಆಗುವುದು ಕಾಲಹರಣ ಮಾತ್ರ. ಈಗ ಮನೆಯಲ್ಲಿಯೇ ಎದೆಬಡಿತ ಕೇಳಿಸುವ ಪುಟ್ಟ ಯಂತ್ರವನ್ನೂ ಕೊಳ್ಳುತ್ತಾರೆ. ಅದರಲ್ಲಿ ಕೇಳಿಸುವ ಸದ್ದು ತಾಯಿಯದೇ ನಾಡಿಯಾಗಿರಬಹುದು, ಮಾಸಿನ ರಕ್ತಸಂಚಾರವಾಗಿರಬಹುದು. ಮಗುವಿನದೇ ಆಗಿದ್ದರೂ ಅದು ಕ್ಷೇಮವಾಗಿದೆ ಎಂಬುದಕ್ಕೆ ಆ ಸದ್ದೊಂದೇ ಸಾಕ್ಷಿಯಲ್ಲ.

ನನ್ನ ಗೆಳೆಯರಲ್ಲಿ ಓದಿಕೊಂಡವರು ಬಹಳ ಮಂದಿ ಇದ್ದಾರೆ. ಅವರು ಈಗ 2018ರಲ್ಲಿ ಪ್ರಕಟವಾದ 'ಅಫರ್ಮ್' ಅಧ್ಯಯನವನ್ನು ಎತ್ತಿಕೊಂಡು ಬರುತ್ತಾರೆಂದು ಬಲ್ಲೆ. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ, ಚಲನೆಯ ಬಗ್ಗೆ ತಾಯಂದಿರಲ್ಲಿ ಅರಿವು ಮೂಡಿಸಿ ಆಸ್ಪತ್ರೆಗಳು ಒಂದು ನಿಗದಿತ ಕ್ರಮವನ್ನು ಅನುಸರಿಸಿದರೂ ಹುಟ್ಟುವ ಮೊದಲೇ ಸಾಯುವ ಶಿಶುಗಳ ಪ್ರಮಾಣ ಗಣನೀಯವಾಗಿ ಇಳಿಯಲಿಲ್ಲ, ಸಿಸೇರಿಯನ್‌ಗಳು ಮಾತ್ರ ಹೆಚ್ಚಿದವು. ನಿಜ. ಆದರೆ ಎಲ್ಲ ಬಸುರಿಯರಿಗೂ ಒಂದು ಕಾರ್ಯಕ್ರಮ ರೂಪಿಸಬೇಕೇ ಎಂಬುದು ಆ ಅಧ್ಯಯನದ ಪ್ರಶ್ನೆ. 'ನಿನ್ನೆಯಿಂದ ಮಗು ಮಿಸುಕುತ್ತಿಲ್ಲ' ಎಂದು ಬಾಯಿಬಿಟ್ಟು ಹೇಳಿದವಳನ್ನು 37ನೆಯ ಸಂಖ್ಯೆ ಬರುವ ತನಕ ಕೂರಿಸಬಹುದೇ ಎಂಬುದು ನನ್ನದು. ಪ್ರತಿದಿನ ಪುಸ್ತಕ ಹಿಡಿದು ಹತ್ತು ಒದೆತ ಎಣಿಸಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಎಣಿಕೆಗಿಂತ ಎಂದಿನಂತಿದೆಯೇ ಎಂಬುದು ಮುಖ್ಯ. ಎಂದಿನಂತಿಲ್ಲ ಎನಿಸಿದರೆ ಮರುದಿನದವರೆಗೆ ಕಾಯಬಾರದು ಎಂದಷ್ಟೇ ನನ್ನ ವಾದ. 'ಹಿಂದಿನವರು ಇದನ್ನೆಲ್ಲ ನೋಡುತ್ತ ಕೂತಿದ್ದರೇ' ಎನ್ನುವವರಿಗೆ ಉತ್ತರಿಸುವ ತಾಳ್ಮೆ ನನಗಿಲ್ಲ. ಹಿಂದೆ ಎಷ್ಟು ತೊಟ್ಟಿಲುಗಳು ಬರಿದಾಗಿಯೇ ಅಟ್ಟ ಸೇರಿದವೆಂಬುದನ್ನು ಅವರೇ ತಮ್ಮ ಮನೆಯ ಹಿರಿಯರಲ್ಲಿ ಕೇಳಿಕೊಳ್ಳಲಿ.

ಮತ್ತೆ ಆ ನಗೆಗೆ ಬರುತ್ತೇನೆ. ಹೀಗೆ ಒಂದು ಬಾರಿ ಚಲನೆ ಕಡಿಮೆಯಾಯಿತೆಂದು ಬರುವ ನೂರು ಹೆಂಗಸರಲ್ಲಿ ಸುಮಾರು 70 ಮಂದಿಯ ಬಸಿರು ಯಾವ ತೊಡಕೂ ಇಲ್ಲದೆ ಮುಂದುವರಿಯುತ್ತದೆ. ಹಾಗಾಗಿ 'ಜಾಗವಿಲ್ಲ' ಎಂದವರು ಹೆಚ್ಚಿನ ಸಲ ಗೆಲ್ಲುತ್ತಾರೆ, ನಗುತ್ತಾರೆ, ಮುಂದಿನ ಬಸುರಿಗೂ ಅದನ್ನೇ ಹೇಳುತ್ತಾರೆ. ಆ ಹುಡುಗಿ ತಲೆ ತಗ್ಗಿಸಿ ಅತ್ತೆಯ ಹಿಂದೆ ನಡೆದುಹೋದಳು. ಇನ್ನೊಮ್ಮೆ ಹಾಗೆನಿಸಿದರೆ ಅವಳು ಬಾಯಿ ತೆರೆಯುವಳೇ? ಎರಡನೆಯ ಬಾರಿ ಹಾಗಾದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕೆಂದು ಅವಳಿಗೆ ಯಾರು ಹೇಳುತ್ತಾರೆ?

ಎರಡನೆಯ ಬಸಿರಿನಲ್ಲಿ, 34ನೆಯ ವಾರದ ಒಂದು ರಾತ್ರಿ ನಾನು ಆಸ್ಪತ್ರೆಗೆ ಓಡಿದ ಕಥೆ ನಿಮಗೆಲ್ಲ ಗೊತ್ತು. ಅಂದು ಒಳಗೆ ಜಾಗ ಸಾಲದವನಿಗೆ ಇಂದು ಇಡೀ ಮನೆ ಸಾಲುತ್ತಿಲ್ಲ. ಆದರೆ ನಿಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಅದಕ್ಕೂ ಮೊದಲು, ಒಂದು ಹೆತ್ತ ಮಾತ್ರಕ್ಕೆ ಎಲ್ಲ ಬಲ್ಲೆನೆಂದುಕೊಂಡಿದ್ದ ದಿನಗಳಲ್ಲಿ, ಚಿಕ್ಕಮ್ಮನ ಮಗಳು ಒಂದು ಸಂಜೆ ನನಗೆ ಫೋನ್ ಮಾಡಿ ಇದೇ ಮಾತನ್ನು ಹೇಳಿದ್ದಳು. ನಾನೂ ಇದೇ ಉತ್ತರ ಕೊಟ್ಟಿದ್ದೆ, ಪದಕ್ಕೆ ಪದ. ಅವಳು ಬೆಳಗಾಗುವವರೆಗೆ ಕಾದಳು. ಮಗು ಚೆನ್ನಾಗಿಯೇ ಹುಟ್ಟಿತು, ನಾನೂ ಗೆದ್ದೆ, ಬಹುಶಃ ನಾನೂ ಹಾಗೆಯೇ ನಕ್ಕಿದ್ದೆ.

ಇಂದು ಸಂಜೆ ಅವಳಿಗೆ ಫೋನ್ ಮಾಡಿ, ಅಂದು ನಾನು ಹೇಳಿದ್ದು ತಪ್ಪು ಎಂದೆ. ಅವಳಿಗೆ ನೆನಪಿರಲಾರದು ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಆ ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ ಅಕ್ಕ. ನಿನಗೆ ಬೇಜಾರಾಗುತ್ತದೆಂದು ಹೇಳಿರಲಿಲ್ಲ, ಅಷ್ಟೆ."