ತೆಳ್ಳಗಿದ್ದಾರೆಂದು ಶುಗರ್ ಪರೀಕ್ಷೆ ಬಿಡಬೇಡಿ

ಹಾಸನ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಈ ಮಾತು ಕೇಳಿಸುತ್ತದೆ: "ಕಡ್ಡಿಯ ಹಾಗಿದ್ದಾನೆ, ದಿನವಿಡೀ ಹೊಲದ ಕೆಲಸ, ಎರಡು ಹೊತ್ತು ಮುದ್ದೆ. ಅವನಿಗೆಲ್ಲಿಯ ಶುಗರ್?" ಹೀಗೆ ನಂಬಿಕೊಂಡವರು ಕಾಲಿನ ಗಾಯ ಮಾಯದೆ ಕೀವು ತುಂಬಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಅರಸೀಕೆರೆ ಕಡೆಯ ನಮ್ಮ ಚಿಕ್ಕಪ್ಪನದೂ ಇದೇ ಕಥೆ. ತೆಂಗಿನ ತೋಟದಲ್ಲಿ ಜೀವಮಾನವಿಡೀ ದುಡಿದವರು. ಕೈಕಾಲು ಸಪೂರ, ಬನಿಯನ್ ತೆಗೆದರೆ ಪಕ್ಕೆಲುಬು ಎಣಿಸಬಹುದು. ಪಂಚೆಯ ಗಂಟಿನ ಮೇಲೆ ಮಾತ್ರ ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಸಣ್ಣ ಹೊಟ್ಟೆಯ ಬಗ್ಗೆಯೇ ನಮ್ಮ ದೇಶದ ವಿಜ್ಞಾನಿಗಳು ಮೂವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಜೊತೆ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರದೂ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಉಂಡ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಸ್ನಾಯು ಕಡಿಮೆಯಿದ್ದು, ಯಕೃತ್ತಿನಲ್ಲೂ ಹೊಟ್ಟೆಯೊಳಗೂ ಕೊಬ್ಬು ಕೂತಿದ್ದರೆ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಈ ಕಾರಣಕ್ಕೇ ಭಾರತೀಯರಿಗೆ ಬಿಎಂಐ ಮಿತಿಯನ್ನು 25ರಿಂದ 23ಕ್ಕೆ ಇಳಿಸಲಾಗಿದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ದರ್ಜಿಯ ಟೇಪು ಸಾಕು, ಅಳೆದು ನೋಡಿಕೊಳ್ಳಿ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ನೋಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಅಲ್ಲಿ ದಪ್ಪ, ಸಣ್ಣ ಎಂಬ ಭೇದವಿಲ್ಲ.

ರಾಗಿಯ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಕಡೆ ಇದನ್ನು ಹೇಳಿದರೆ ಕೋಪ ಬರುತ್ತದೆಂದು ಗೊತ್ತಿದ್ದೂ. ರಾಗಿ ಒಳ್ಳೆಯ ಧಾನ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದೇ ನೂರು ಗ್ರಾಂನಲ್ಲಿ ಮೂರನೇ ಎರಡು ಪಾಲು ಕಾರ್ಬೋಹೈಡ್ರೇಟ್. ದೊಡ್ಡ ಮುದ್ದೆ, ಮೇಲೆ ಅನ್ನ, ನೀರಾದ ಸಾರು, ಕಾಳು ಸೊಪ್ಪು ಲೆಕ್ಕಕ್ಕಷ್ಟೇ ಎಂದಾದರೆ ಮುದ್ದೆ ಯಾರನ್ನೂ ಕಾಯುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೂ ಹಿಂದಿನದು, ತಾಯಿಯ ಹೊಟ್ಟೆಯೊಳಗಿನದು. 1993ರಲ್ಲಿ ಯಾಜ್ಞಿಕ್ ತಂಡ ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ಹೆಂಗಸರನ್ನು ಬಸುರಾಗುವ ಮೊದಲಿನಿಂದಲೇ ಗಮನಿಸತೊಡಗಿತು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಕೂಸುಗಳದು 3.5. ಸ್ನಾಯುವಿನಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ ನಮ್ಮ ಕೂಸುಗಳು ಬಹಳ ಹಿಂದೆ. ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟಾಗಿ ಹಿಂದೆ ಬಿದ್ದಿರಲಿಲ್ಲ. ಅಂದರೆ ನಮ್ಮ ಚಿಕ್ಕಪ್ಪನ ಮೈಕಟ್ಟಿನ ಅಡಿಪಾಯ ಹುಟ್ಟುವಾಗಲೇ ಬಿದ್ದಿರುವ ಸಾಧ್ಯತೆಯಿದೆ. ಬಸುರಿಯಲ್ಲಿ ಸೊಪ್ಪು, ಹಣ್ಣು, ಹಾಲು ಹೆಚ್ಚಾಗಿ ಉಂಡವರ ಕೂಸುಗಳು ದೊಡ್ಡದಾಗಿ ಹುಟ್ಟಿದವು ಎಂಬುದನ್ನೂ ಅದೇ ಅಧ್ಯಯನ ಕಂಡಿತು.

ಪುಣೆ ದೂರ ಎನ್ನುವವರಿಗೆ ಮೈಸೂರಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ರಿಜಿಸ್ಟರು ಹಿಡಿದು ಸಂಶೋಧಕರು ಮನೆ ಮನೆ ಹುಡುಕಿ, ನಡುವಯಸ್ಸು ತಲುಪಿದ್ದ 517 ಜನರನ್ನು ಪರೀಕ್ಷಿಸಿದರು. ಹುಟ್ಟಿದಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ಕಾಯಿಲೆ ಶೇ 11. ಏಳು ಪೌಂಡ್ ಅಥವಾ ಹೆಚ್ಚು ತೂಗಿದವರಲ್ಲಿ ಶೇ 3. 1996ರಲ್ಲಿ ಇದು ಪ್ರಕಟವಾಯಿತು. ಅದೇ ಊರಿನ ಶುಗರ್ ಅಧ್ಯಯನ ಇನ್ನೊಂದು ಮಗ್ಗುಲನ್ನು ತೋರಿಸಿತು: ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಬಸುರಿಯ ಊಟ ಎಷ್ಟು ಮುಖ್ಯವೋ ಬಸುರಿಯ ಶುಗರ್ ಪರೀಕ್ಷೆಯೂ ಅಷ್ಟೇ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಮನೆಗಳಲ್ಲಿ "ಜಾಸ್ತಿ ತಿನ್ನಬೇಡವೇ, ಮಗು ದಪ್ಪ ಆದರೆ ಹೆರಿಗೆ ಕಷ್ಟ" ಎಂದು ಸೊಸೆಗೆ ಅತ್ತೆ ಹೇಳುತ್ತಲೇ ಇದ್ದಾರೆ. ಅತ್ತೆಯನ್ನು ದೂರುವುದಿಲ್ಲ, ಹೆರಿಗೆಯಲ್ಲಿ ಜೀವ ಹೋದದ್ದನ್ನು ಕಣ್ಣಾರೆ ಕಂಡ ಕಾಲದವರ ಭಯ ಅದು. ಈಗ ಆಸ್ಪತ್ರೆ, ಆಂಬುಲೆನ್ಸ್ ಇವೆ. ಆ ಭಯಕ್ಕೆ ಕೂಸಿನ ಇಡೀ ಆಯುಷ್ಯವನ್ನು ಒತ್ತೆಯಿಡುವುದನ್ನು ನಾನು ಒಪ್ಪಲಾರೆ.

2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಕೊಡುತ್ತದೆ. ಬಹಳ ಒಳ್ಳೆಯ ಯೋಜನೆ. ಬಯಲುಸೀಮೆಯ ಊರಿನೊಳಗೆ ನಾಲ್ಕು ಹೆಜ್ಜೆ ಹಾಕಿದರೆ ಅಂಗನವಾಡಿ ಸಿಗುತ್ತದೆ. ಸಕಲೇಶಪುರದ ಮೇಲಿನ ಒಂಟಿ ಮನೆಗಳಿಂದ, ಕಾಫಿ ತೋಟದ ಲೈನ್ ಮನೆಗಳಿಂದ, ಜುಲೈ ಮಳೆಯಲ್ಲಿ ಜಿಗಣೆ ಕೀಳುತ್ತಾ ಏಳು ತಿಂಗಳ ಬಸುರಿ ದಿನಾ ಒಂದು ಊಟಕ್ಕಾಗಿ ನಡೆದು ಬರಬೇಕೆನ್ನುವುದು ನ್ಯಾಯವೇ? ಮಳೆಗಾಲದಲ್ಲಾದರೂ ಆ ಊಟ ಅವಳ ಮನೆಗೆ ಹೋಗಲಿ. ತೋಟದ ಮಾಲೀಕರು ಮನಸ್ಸು ಮಾಡಿದರೆ ಜೀಪಿನಲ್ಲಿ ಗೊಬ್ಬರ ಬರುವ ದಾರಿಯಲ್ಲೇ ಕ್ಯಾರಿಯರ್ ಕೂಡ ಬರಬಹುದು. ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳುವವನಿದ್ದೇನೆ. ಮಲೆನಾಡಿನ ಪಂಚಾಯಿತಿಗಳ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮಲ್ಲೂ ಎತ್ತಿ. ಜೊತೆಗೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಪ್ರತಿ ಬಸುರಿಗೂ ಗ್ಲೂಕೋಸ್ ಕುಡಿಸಿ ಶುಗರ್ ನೋಡಬೇಕೆಂಬ ನಿಯಮವಿದೆ. ನಿಮ್ಮ ಮನೆಯ ಹೆಣ್ಣುಮಗಳ ತಾಯಿ ಕಾರ್ಡ್ ತೆಗೆದು ಅದು ಬರೆದಿದೆಯೇ ನೋಡಿ. ಬರೆದಿರದಿದ್ದರೆ ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ.