ದೀಪಾವಳಿಗೆ ಗಿಡಕ್ಕ ಕತ್ತರಿ ಹಾಕಬ್ಯಾಡ್ರಿ

ವಿಜಯಪುರದ ಬಡಾವಣೆಯೊಂದರಲ್ಲಿ ಇವತ್ತು ಬಣ್ಣದೆಲೆಯ ಅಕಾಲಿಫಾ ಗಿಡಗಳ ಬೇಲಿ ಉದ್ದಕ್ಕೂ ಬೋಳಾಗಿ ನಿಂತದ್ದು ಕಂಡು ಹೊಟ್ಟೆ ಉರಿಯಿತು. ತಾಮ್ರದ ಬಣ್ಣಕ್ಕೆ ತಿರುಗಿದ್ದ ಎಲೆಗಳೆಲ್ಲ ಕಸದ ಗಾಡಿ ಸೇರಿವೆ. ಹಬ್ಬಕ್ಕೆ ಸ್ವಚ್ಛ ಮಾಡಿಸಿದ್ದಂತೆ.

ದೀಪಾವಳಿಯಿಂದ ಎಳ್ಳಮಾವಾಸ್ಯೆವರೆಗೆ ನಮ್ಮ ಕಡೆ ಎಲೆಬಣ್ಣದ ಸುಗ್ಗಿ ರೀ. ಮೋಡವಿಲ್ಲದ ಬಿಸಿಲು, ತಂಪು ರಾತ್ರಿ, ಎರಡೂ ಸೇರಿದಾಗ ಎಲೆಯೊಳಗೆ ಕೆಂಪು ಚೆನ್ನಾಗಿ ಏರುತ್ತದೆ. ಇನ್ನೊಂದು ಬಣ್ಣದೆಲೆಯ ಗಿಡ ಕ್ರೋಟನ್‌ನ ಚಿಗುರು ಬಹುತೇಕ ಹಸಿರಾಗಿ ಬಂದು, ಬಲಿತ ಮೇಲೆ ಹಳದಿ, ಕಿತ್ತಳೆ, ಕೆಂಪಾಗುತ್ತದೆ. ಈಗ ಸವರಿದರೆ ಇದ್ದ ಬಣ್ಣವೂ ಹೋಯಿತು, ಚಳಿಗೆ ಹೊಸ ಚಿಗುರೂ ಬೇಗ ಒಡೆಯದು. ಸವರುವುದಿದ್ದರೆ ಮುಂಗಾರಿನ ಮೊದಲ ಮಳೆಗೆ ಸವರಿ.

ಯೂರಿಯಾವೂ ಈಗ ಬೇಡ. ಸಾರಜನಕ ಹೆಚ್ಚಾದರೆ ಎಲೆ ಹಸಿರಿಗೇ ಹೊರಳುತ್ತದೆ. ಕ್ರೋಟನ್‌ಗೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು, ವರಾಂಡದ ಮೂಲೆಯಲ್ಲಿಟ್ಟರೆ ಬಣ್ಣ ಮಂಕು. ಬರೀ ಎರೆಮಣ್ಣು ತುಂಬಿದ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ಸಗಣಿಗೊಬ್ಬರ, ಒಂದು ಪಾಲು ದಪ್ಪ ಉಸುಕು ಕಲಸಿ. ಮೇಲಿನ ಒಂದು ಇಂಚು ಒಣಗಿದ ಮೇಲಷ್ಟೇ ನೀರು ಹಾಕಿ.

ಎಳೆ ಎಲೆಯಲ್ಲಿ ನರ ಹಸಿರು, ನಡುವೆಲ್ಲ ಬಿಳಿಚಿದ ಹಳದಿ ಕಂಡರೆ ಅದು ಚೆಲುವಲ್ಲ, ಬಹುಮಟ್ಟಿಗೆ ಬೋರಿನ ಗಡಸು ನೀರಿನಿಂದ ಆದ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಸಿಂಪಡಿಸಿ. ಮೊದಲು ಒಂದೆರಡು ಎಲೆಗೆ ಹೊಡೆದು ನೋಡಿ. ಧೂಳು ಕೂತ ಗಿಡಕ್ಕೆ ಕೆಂಪು ನುಸಿ ಬೇಗ ಹತ್ತುತ್ತದೆ, ವಾರಕ್ಕೊಮ್ಮೆ ಎಲೆಯ ಅಡಿಭಾಗ ತೊಳೆಯಿರಿ.

"ಹೂವಾದ್ರ ದೇವರಿಗೆ ಏರಿಸಬಹುದು, ಎಲಿ ತಗೊಂಡು ಏನ್ ಮಾಡೋದ್ರಿ?" ಅನ್ನುವವರಿದ್ದಾರೆ. ಶೇವಂತಿ ಬೆಳೆಸಬೇಡಿ ಎಂದು ಯಾರಂದರು? ಅದರ ಹೂವು ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ಬೇರೂರಿದ ಕ್ರೋಟನ್ ವರ್ಷಗಟ್ಟಲೆ ಅಂಗಳ ತುಂಬುತ್ತದೆ. ಅದಕ್ಕೂ ಒಂದು ಮೂಲೆ ಕೊಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ಪಾಯಿನ್‌ಸೆಟ್ಟಿಯಾ ಗಿಡ ಇದ್ದವರಿಗೆ ಇನ್ನೊಂದು ಮಾತು. ಹೂವೆಂದುಕೊಳ್ಳುವ ಆ ಕೆಂಪು ಕೂಡ ಎಲೆಯೇ, ನಿಜವಾದ ಹೂವು ನಡುವಿನ ಸಣ್ಣ ಹಳದಿ ಗುಂಡು. ಬಣ್ಣ ಬರಲು ವಾರಗಟ್ಟಲೆ ಉದ್ದ ರಾತ್ರಿಗಳು, ನಡುವೆ ಬೆಳಕು ಸೋಕದ ಕತ್ತಲು ಬೇಕು. ಗೇಟಿನ ದೀಪದ ಕೆಳಗಿಟ್ಟರೆ ಹಸಿರಾಗಿಯೇ ಉಳಿಯುತ್ತದೆ, ಈಗಲೇ ಸರಿಸಿ. ಕೆಂಪೆಲೆ ಉದುರಿದ ಮೇಲೆ, ಯುಗಾದಿ ಆಸುಪಾಸಿನಲ್ಲಿ ಕತ್ತರಿಸಿ. ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತಾಗಿದರೆ ತುರಿಸಬಹುದು, ಕೈಗವಸು ಹಾಕಿಕೊಳ್ಳಿ.